ಸಿಂಗಾಪುರಕ್ಕೆ ಹೋಗಲು 7 ಗಂಟೆ, ಬರಲು 2 ಗಂಟೆ?

‘ಬೆಂಗಳೂರಿನಿಂದ ಸಿಂಗಾಪುರಕ್ಕೆ ವಿಮಾನದಲ್ಲಿ 7 ಗಂಟೆ ಬೇಕು, ವಾಪಸ್ ಬರಲು ಬರೀ 2 ಗಂಟೆ ಸಾಕು, ಬರುವಾಗ ದಾರಿ ಹತ್ತಿರ’ ಎಂಬ ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಜೊತೆಗೆ ಟಿಕೆಟ್ಟಿನ ಫೋಟೋ ಬೇರೆ!

ದಾರಿ ಎರಡೂ ಕಡೆಗೆ ಒಂದೇ. ನೇರ ಅಳತೆಯಲ್ಲಿ ಸುಮಾರು 3,200 ಕಿ.ಮೀ. ನೇರ ವಿಮಾನಕ್ಕೆ ನಾಲ್ಕೂವರೆ ಗಂಟೆಯ ಆಸುಪಾಸು ಬೇಕು. ಗಾಳಿ ನೋಡಿಕೊಂಡು ಸ್ವಲ್ಪ ಹೆಚ್ಚು ಕಡಿಮೆ ಆಗುತ್ತದೆ, ಅಷ್ಟೇ.

ಎಡವಟ್ಟಾಗಿದ್ದು ಗಡಿಯಾರದಲ್ಲಿ. ಟಿಕೆಟ್ಟಿನಲ್ಲಿ ಹೊರಡುವ ಸಮಯ, ಇಳಿಯುವ ಸಮಯ ಎರಡೂ ಆಯಾ ಊರಿನದ್ದೇ ಇರುತ್ತದೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದು. ರಾತ್ರಿ 11ಕ್ಕೆ ಇಲ್ಲಿ ಹೊರಟು, ಅಲ್ಲಿ ಬೆಳಗ್ಗೆ 6ಕ್ಕೆ ಇಳಿದಿರಿ ಅನ್ನಿ. ನಿಮ್ಮ ಕೈಗಡಿಯಾರದಲ್ಲಿ ಇನ್ನೂ ಮೂರೂವರೆ! ಅಲ್ಲಿಂದ ರಾತ್ರಿ 8ಕ್ಕೆ ಹೊರಟರೆ ಇಲ್ಲಿ ಹತ್ತೂಕಾಲಿಗೆ ಇಳಿಯುತ್ತೀರಿ. ಸುಮ್ನೆ ಕಳೆದರೆ ಎರಡೂಕಾಲು ಗಂಟೆ. ಅದಕ್ಕೆ ಎರಡೂವರೆ ಸೇರಿಸಿ, ಲೆಕ್ಕ ಸರಿಹೋಗುತ್ತದೆ ಅಲ್ವಾ?

ಅಂದಹಾಗೆ, ಈ ವ್ಯತ್ಯಾಸ ಮೊದಲು ಎರಡೇ ಗಂಟೆ ಇತ್ತು. 1982ರಲ್ಲಿ ಮಲೇಷ್ಯಾ ಗಡಿಯಾರವನ್ನು ಅರ್ಧ ಗಂಟೆ ಮುಂದೆ ತಳ್ಳಿತು, ಅದರ ಜೊತೆಗೇ ಸಿಂಗಾಪುರವೂ ಅರ್ಧ ಗಂಟೆ ಮುಂದೆ ತಳ್ಳಿತು. ಅದಕ್ಕೇ ಅಲ್ಲಿ ಬೆಳಗ್ಗೆ ಏಳಾದರೂ ಸೂರ್ಯ ಕಾಣುವುದು ಕಷ್ಟ.