ಬಾಲ್ಯದ ಕಷ್ಟ ಹೇಳುವ ಕವಿತೆಗೆ ನಮ್ಮ ಮರುಕ ಬೇಕಿಲ್ಲ

ಅಪ್ಪಂದಿರ ದಿನ ಹತ್ತಿರ ಬಂದರೆ ಸಾಕು, ಅಮೆರಿಕದ ಕವಿ ರಾಬರ್ಟ್ ಹೇಡನ್ ಬರೆದ 'ದೋಸ್ ವಿಂಟರ್ ಸಂಡೇಸ್' ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. 14 ಸಾಲಿನ ಪುಟ್ಟ ಕವಿತೆ. ಅಪ್ಪ ಭಾನುವಾರವೂ ಎಲ್ಲರಿಗಿಂತ ಮೊದಲು ಏಳುತ್ತಾನೆ. ಕೊರೆಯುವ ಚಳಿಯಲ್ಲಿ ಬಟ್ಟೆ ತೊಟ್ಟು, ವಾರವೆಲ್ಲ ದುಡಿದು ಬಿರುಕುಬಿಟ್ಟ ಕೈಗಳಿಂದ ಬೆಂಕಿ ಹೊತ್ತಿಸುತ್ತಾನೆ. ಕೋಣೆ ಬೆಚ್ಚಗಾದ ಮೇಲೆ ಮಗನನ್ನು ಕರೆಯುತ್ತಾನೆ. ಮಗನ ಶೂಗಳಿಗೂ ಪಾಲಿಶ್ ಮಾಡಿಟ್ಟಿದ್ದಾನೆ. ಅವನಿಗೆ ಯಾರೂ ಒಂದು ಒಳ್ಳೆಯ ಮಾತು ಹೇಳಿದವರಲ್ಲ. ದೊಡ್ಡವನಾದ ಮಗ ಕೊನೆಯಲ್ಲಿ, ಆಗ ನನಗೇನು ಗೊತ್ತಿತ್ತು, ಏನು ಗೊತ್ತಿತ್ತು ಎಂದು ಎರಡು ಸಲ ಕೇಳಿಕೊಳ್ಳುತ್ತಾನೆ.

ಇದನ್ನು ಓದಿ ಕಣ್ಣು ತುಂಬಿಕೊಂಡವರ ಬಗ್ಗೆ ನನಗೆ ಯಾವ ಆಕ್ಷೇಪವೂ ಇಲ್ಲ. ನನ್ನ ತಕರಾರು ಇರುವುದು ಒಂಬತ್ತನೇ ಸಾಲಿನ ವಿಷಯದಲ್ಲಿ. ಹಂಚಿಕೊಳ್ಳುವವರು ಬರೆಯುವ ಟಿಪ್ಪಣಿಗಳಲ್ಲಿ ಆ ಸಾಲಿನ ಮಾತೇ ಬರುವುದಿಲ್ಲ. ಮಗ ಎದ್ದು ನಿಧಾನವಾಗಿ ಬಟ್ಟೆ ಹಾಕಿಕೊಳ್ಳುತ್ತಾನೆ. ಯಾಕೆ ನಿಧಾನ? ಆ ಮನೆಯ ಹಳೆಯ, ವಾಸಿಯಾಗದ ಸಿಟ್ಟುಗಳಿಗೆ ಹೆದರಿ. ಎರಡನೇ ಚರಣ ನಿಲ್ಲುವುದೇ ಅಲ್ಲಿ. ಅಷ್ಟು ಹೊತ್ತಿಗೆ ಮನೆ ಬೆಚ್ಚಗಾಗಿದೆ, ಆದರೂ ಹುಡುಗನಿಗೆ ಹಾಸಿಗೆ ಬಿಟ್ಟು ಹೊರಗೆ ಬರಲು ಭಯ. ಬೆಂಕಿ ಹೊತ್ತಿಸಿದ ಕೈಯೇ ಆ ಭಯಕ್ಕೂ ಕಾರಣವೇ? ಕವಿ ಹೇಳುವುದಿಲ್ಲ. ಸಿಟ್ಟು ಅಪ್ಪನದು ಎನ್ನದೆ ಮನೆಯದು ಎನ್ನುತ್ತಾನೆ. ಯಾರ ಹೆಸರನ್ನೂ ಹಿಡಿದು ಹೇಳಲಾಗದ, ಆದರೆ ಗೋಡೆ ಗೋಡೆಯಲ್ಲೂ ಇರುವ ಸಿಟ್ಟು. ಅಂಥ ಮನೆಯಲ್ಲಿ ಬೆಳೆದವರಿಗೆ ಆ ಸಾಲಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

'ತಂದೆಯ ತ್ಯಾಗವನ್ನು ಸಾರುವ ಕವಿತೆ' ಎಂದು ಒಂದೇ ವಾಕ್ಯದಲ್ಲಿ ಮುಗಿಸಿದರೆ ಈ ಭಯ ಅಳಿಸಿಹೋಗುತ್ತದೆ. ಹಾಗೆಂದು 'ಕ್ರೂರಿ ತಂದೆಯ ನೆನಪು' ಎಂದರೆ ಪಾಲಿಶ್ ಆದ ಶೂ ಅಳಿಸಿಹೋಗುತ್ತದೆ. ಹೇಡನ್ ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದನ್ನು ಇನ್ನೊಂದಕ್ಕೆ ಸಮಾಧಾನವಾಗಿ ಬಳಸದೆ ಬಿಟ್ಟಿದ್ದಾನೆ. ಕೊನೆಯ ಸಾಲಿನಲ್ಲಿ ಪ್ರೀತಿಯ ಒಂಟಿಯಾದ, ಕಠಿಣವಾದ ಕರ್ತವ್ಯಗಳ ಮಾತು ಬರುತ್ತದೆಯೇ ಹೊರತು ಕ್ಷಮಿಸಿದೆ ಎಂಬ ಮಾತು ಬರುವುದಿಲ್ಲ. ಪ್ರೀತಿ ಇತ್ತು ಎಂದು ತಡವಾಗಿ ತಿಳಿಯುವುದು ಒಂದು ಸಂಗತಿ. ಭಯ ಇರಲೇ ಇಲ್ಲ ಎನ್ನುವುದು ಬೇರೆಯದೇ ಸಂಗತಿ. ಮೊದಲನೆಯದನ್ನು ಕವಿತೆ ಹೇಳುತ್ತದೆ, ಎರಡನೆಯದನ್ನು ನಾವು ಅದರ ಬಾಯಿಗೆ ತುರುಕುತ್ತಿದ್ದೇವೆ.

ಕವಿಯ ಜೀವನ ಗೊತ್ತಿದ್ದರೆ ಈ ಸಾಲು ಇನ್ನಷ್ಟು ತೆರೆದುಕೊಳ್ಳುತ್ತದೆ. ಹೇಡನ್ ಹುಟ್ಟಿದ್ದು 1913ರಲ್ಲಿ, ಡೆಟ್ರಾಯ್ಟ್‌ನ ಬಡ ಕಪ್ಪು ಜನರ ಕೇರಿಯಲ್ಲಿ. ಹೆತ್ತವರು ಬೇರೆಯಾಗಿದ್ದರಿಂದ ಪಕ್ಕದ ಮನೆಯ ದಂಪತಿ ಅವನನ್ನು ಸಾಕಿದರು, ಹೇಡನ್ ಎಂಬ ಹೆಸರೂ ಅವರದೇ. ಅಂದರೆ ಕವಿತೆಯ ಅಪ್ಪ ಸಾಕುತಂದೆ. ಇದು ತಿಳಿದ ಮೇಲೆ, ಯಾರೂ ಅವನಿಗೆ ಕೃತಜ್ಞತೆ ಹೇಳಲಿಲ್ಲ ಎಂಬ ಸಾಲಿನ ತೂಕ ಹೆಚ್ಚುತ್ತದೆ, ನಿಜ. ಆದರೆ ಇದು ತಿಳಿಯದೆಯೂ ಒಂಬತ್ತನೇ ಸಾಲು ಅಲ್ಲೇ ಇತ್ತು. ಅದನ್ನು ಕಾಣಲು ಜೀವನಚರಿತ್ರೆ ಬೇಕಿರಲಿಲ್ಲ, ನಿಧಾನವಾದ ಓದು ಸಾಕಿತ್ತು.

ಈ ಮಾತಿಗೆ ನಮ್ಮಲ್ಲೇ ದೊಡ್ಡ ಉದಾಹರಣೆ ಇದೆ. ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಪದ್ಯದ ಮೊದಲ ಸಾಲನ್ನಷ್ಟೇ ಕೇಳಿ ಪ್ರೇಮಗೀತೆ ಎಂದುಕೊಂಡವರು ಬಹಳ ಮಂದಿ. ಮಗುವಿನ ಸಾವಿನ ಹಿನ್ನೆಲೆ ತಿಳಿದಾಗ ಬೆಚ್ಚಿಬೀಳುತ್ತಾರೆ, ಯಾರೋ ಒಂದು ರಹಸ್ಯ ಬಿಚ್ಚಿಟ್ಟ ಹಾಗೆ. ಆದರೆ ಕೂಸು ಪದ್ಯದೊಳಗೇ ಮಲಗಿದೆ. ಮುಂದಿನದು ದೇವರ ಚಿತ್ತ ಎಂದು ತಂದೆ ಅಲ್ಲಿಯೇ ಹೇಳುತ್ತಾನೆ. ಹಗಲು ಮುಗಿಲಲ್ಲಿ ತೇಲಿಬರುವ ಹುಣ್ಣಿಮೆ ಚಂದ್ರನ ಹೆಣವೂ ಅಲ್ಲೇ ಇದೆ. ಕೊನೆಯವರೆಗೆ ಓದಿದವರಿಗೆ ಯಾವುದೂ ಗುಟ್ಟಲ್ಲ. ನನಗೆ ಆ ಪದ್ಯ ದೊಡ್ಡದಾಗಿ ಕಾಣುವುದು ದುಃಖದ ಕಾರಣಕ್ಕಲ್ಲ, ದುಃಖದಲ್ಲಿ ಗಂಡ ಹೆಂಡತಿಯ ಮುಖ ನೋಡಲಾರದೆ ಹೋಗುವುದನ್ನು ಅದು ಹೇಳಿದ ಕಾರಣಕ್ಕೆ. ಸಂಕಟ ಮನೆಮಂದಿಯನ್ನು ಒಂದುಗೂಡಿಸುತ್ತದೆ ಎಂದು ಸಲೀಸಾಗಿ ಹೇಳಿಬಿಡುತ್ತೇವೆ. ಇಲ್ಲಿ ಇಬ್ಬರೂ ಒಂದೇ ಕೂಸಿನ ಪಕ್ಕದಲ್ಲಿದ್ದಾರೆ, ಒಬ್ಬರ ನೋಟವನ್ನು ಇನ್ನೊಬ್ಬರು ತಾಳಲಾರರು.

ಈಗ ಮರುಕದ ವಿಷಯಕ್ಕೆ ಬರುತ್ತೇನೆ. ಬಡತನದ ಬಾಲ್ಯ ಕುರಿತ ಕವಿತೆ ಸಿಕ್ಕಿದ ತಕ್ಷಣ 'ಅಯ್ಯೋ ಪಾಪ' ಎನ್ನುವವರಿಗೆ ಅಮೆರಿಕದ ಕಪ್ಪು ಕವಯಿತ್ರಿ ನಿಕ್ಕಿ ಜಿಯೋವಾನಿ 1968ರಲ್ಲೇ ಉತ್ತರ ಕೊಟ್ಟಿದ್ದಾಳೆ. 'ನಿಕ್ಕಿ-ರೋಸಾ' ಅವಳದೇ ಬಾಲ್ಯದ ಕವಿತೆ. ಮನೆಯೊಳಗೆ ಶೌಚಾಲಯವಿಲ್ಲ, ಅಪ್ಪನಿಗೆ ಕುಡಿತ, ಅಪ್ಪ ಅಮ್ಮನಿಗೆ ಜಗಳ. ಮುಂದೆ ತಾನು ಹೆಸರು ಮಾಡಿದರೆ ತನ್ನ ಚರಿತ್ರೆ ಬರೆಯುವವರು ಇವನ್ನೆಲ್ಲ ಸಾಲಾಗಿ ಪಟ್ಟಿ ಮಾಡುತ್ತಾರೆ ಎಂದು ಅವಳಿಗೆ ಮೊದಲೇ ಗೊತ್ತು. ದೊಡ್ಡ ಬಾನಿಯಲ್ಲಿ ಮೀಯುವಾಗ ನೀರು ಎಷ್ಟು ಹಿತವಾಗಿತ್ತು, ಅಮ್ಮ ಪೂರ್ತಿ ತನ್ನವಳಾಗಿ ಸಿಕ್ಕಾಗ ಎಷ್ಟು ಖುಷಿಯಾಗಿತ್ತು ಎಂಬುದನ್ನು ಅವರು ಬರೆಯುವುದಿಲ್ಲ. ಅಪ್ಪ ತನ್ನ ಪಾಲುಬಂಡವಾಳ ಮಾರುವಾಗ ಇನ್ನೊಂದು ಕನಸು ಕೈಬಿಟ್ಟಿತಲ್ಲ, ಆ ನೋವೂ ಅವರಿಗೆ ಅರ್ಥವಾಗುವುದಿಲ್ಲ. ತನ್ನ ಬಗ್ಗೆ ಬಿಳಿಯರು ಯಾರೂ ಬರೆಯದಿರಲಿ ಎನ್ನುತ್ತಾಳೆ. ಅವರು ನನ್ನ ಕಷ್ಟದ ಬಾಲ್ಯದ ಬಗ್ಗೆಯೇ ಮಾತಾಡುತ್ತಾರೆ, ಆ ಇಡೀ ಕಾಲ ನಾನು ಸಂತೋಷವಾಗಿದ್ದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ ಎಂದು ಕವಿತೆ ಮುಗಿಸುತ್ತಾಳೆ.

ಈ ಕವಿತೆ ಓದುಗರನ್ನೇ ಎದುರು ನಿಲ್ಲಿಸಿಕೊಂಡು ಮಾತಾಡುತ್ತದೆ. ಬಡವರ ಮನೆಯನ್ನು ಹೊರಗಿನಿಂದ ನೋಡಿದವರಿಗೆ ಕಾಣುವುದು ಇಲ್ಲದ ವಸ್ತುಗಳು. ಒಳಗಿದ್ದ ಮಗುವಿಗೆ ಕಾಣುವುದು ಇರುವ ಜನ. ಮರುಕಪಡುವವರು ಕಾಳಜಿಯಿಂದಲೇ ಮರುಕಪಡುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಆದರೆ ಮರುಕ ಆ ಮಗುವಿನ ಕೈಯಿಂದ ಅದರ ಸಂತೋಷವನ್ನು ಕಿತ್ತುಕೊಳ್ಳುತ್ತದೆ. ಆಮೇಲೆ ಉಳಿಯುವುದು ಒಂದು ಕರುಣಾಜನಕ ಪ್ರಕರಣ ಮಾತ್ರ, ಒಬ್ಬ ಹುಡುಗಿಯಲ್ಲ.

ಇಲ್ಲಿಗೇ ನಿಲ್ಲಿಸಿದರೆ ಇನ್ನೊಂದು ಅಪಾಯವಿದೆ. 'ಬಡತನವಿದ್ದರೂ ಎಷ್ಟು ಸುಖವಾಗಿದ್ದೆವು' ಎಂಬ ಮಾತು ಉಳ್ಳವರ ಕಿವಿಗೆ ಬಹಳ ಇಂಪು. ಅದನ್ನು ತಡೆಯಲು ನಾನು ಇಂಗ್ಲಿಷ್ ಕವಿ ವಿಲಿಯಂ ಬ್ಲೇಕ್‌ನ ಹತ್ತಿರ ಹೋಗುತ್ತೇನೆ. 'ದ ಚಿಮ್ನಿ ಸ್ವೀಪರ್' ಎಂಬ ಒಂದೇ ಹೆಸರಿನಲ್ಲಿ ಅವನು ಎರಡು ಕವಿತೆ ಬರೆದ, ಒಂದು 1789ರದು, ಇನ್ನೊಂದು 1794ರದು. ಇಂಗ್ಲೆಂಡಿನಲ್ಲಿ ಆಗ ಹೊಗೆಗೂಡಿನ ಮಸಿ ತೆಗೆಯಲು ಪುಟ್ಟ ಹುಡುಗರನ್ನು ಒಳಗೆ ಹತ್ತಿಸುತ್ತಿದ್ದರು. ಎಂಟು ವರ್ಷಕ್ಕಿಂತ ಚಿಕ್ಕವರನ್ನು ಈ ಕೆಲಸಕ್ಕೆ ಹಚ್ಚಬಾರದೆಂದು 1788ರಲ್ಲೇ ಕಾಯ್ದೆ ಬಂದಿತ್ತು, ಅದನ್ನು ಜಾರಿ ಮಾಡುವವರಿರಲಿಲ್ಲ. ಈ ಪದ್ಧತಿ ನಿಜವಾಗಿ ನಿಂತದ್ದು 1875ರ ಕಾಯ್ದೆಯ ಮೇಲೆ. ಮೊದಲ ಕವಿತೆಯ ಹುಡುಗ, ತಾಯಿ ಸತ್ತಮೇಲೆ ತಂದೆ ತನ್ನನ್ನು ಮಾರಿದ್ದನ್ನು ಒಂದು ದೂರೂ ಇಲ್ಲದೆ ಹೇಳುತ್ತಾನೆ. ಅವರವರ ಕೆಲಸ ಅವರವರು ಮಾಡಿದರೆ ಭಯಪಡಬೇಕಿಲ್ಲ ಎಂದು ಮುಗಿಸುತ್ತಾನೆ. ಇದನ್ನೇ ಕವಿಯ ಉಪದೇಶ ಎಂದು ತಿಳಿದವರು ಮೋಸಹೋಗುತ್ತಾರೆ. ಅದು ಬೇರೆ ಯಾರೋ ಆ ಎಳೆಯ ಬಾಯಿಗೆ ಕಲಿಸಿಕೊಟ್ಟ ಮಾತು. ಮಾತಾಡುತ್ತಿರುವವನು ಮಗು, ಬರೆಯುತ್ತಿರುವವನು ಬ್ಲೇಕ್. ಆ ಇಬ್ಬರ ನಡುವಿನ ಅಂತರದಲ್ಲಿ ಕವಿತೆಯ ಸಿಟ್ಟೆಲ್ಲ ಇದೆ.

ಎರಡನೆಯ ಕವಿತೆಯ ಹುಡುಗನಿಗೆ ಕಣ್ಣು ತೆರೆದಿದೆ. ನಾನು ಖುಷಿಯಾಗಿ ಕುಣಿದು ಹಾಡುತ್ತೇನೆಂದು, ನನಗೇನೂ ಅನ್ಯಾಯ ಮಾಡಿಲ್ಲವೆಂದು ನನ್ನ ಹೆತ್ತವರು ತಿಳಿದಿದ್ದಾರೆ ಎನ್ನುತ್ತಾನೆ. ಈ ಮಾತನ್ನೂ ಜಿಯೋವಾನಿಯ ಮಾತನ್ನೂ ನಾನು ಯಾವಾಗಲೂ ಜೊತೆಯಲ್ಲಿಟ್ಟು ಓದುತ್ತೇನೆ. ಒಬ್ಬಳು, ನನ್ನ ಸಂತೋಷವನ್ನು ನೀವು ನೋಡಲಿಲ್ಲ ಎನ್ನುತ್ತಾಳೆ. ಇನ್ನೊಬ್ಬ, ನನ್ನ ಸಂತೋಷವನ್ನೇ ನೆಪ ಮಾಡಿಕೊಂಡು ನೀವು ತಪ್ಪಿಸಿಕೊಂಡಿರಿ ಎನ್ನುತ್ತಾನೆ. ಇವೆರಡೂ ಸತ್ಯ. ಕಷ್ಟದ ಬಾಲ್ಯದ ಯಾವ ಕವಿತೆಯನ್ನು ಓದುವಾಗಲೂ ಈ ಇಬ್ಬರು ಮಕ್ಕಳು ಎಡಬಲದಲ್ಲಿ ಕೂತಿದ್ದಾರೆಂದು ನೆನೆದುಕೊಂಡರೆ, ಅಯ್ಯೋ ಎನ್ನುವ ಮೊದಲೂ ಆಹಾ ಎನ್ನುವ ಮೊದಲೂ ನಾಲಗೆ ತಡೆಯುತ್ತದೆ.

ಅಮೆರಿಕದ ಇನ್ನೊಬ್ಬ ಕವಿ ಥಿಯೊಡೋರ್ ರೆಟ್ಕಿಯ 'ಮೈ ಪಾಪಾಸ್ ವಾಲ್ಟ್ಜ್' ಬಗ್ಗೆ ಓದುಗರಲ್ಲಿ ಎರಡು ಪಂಗಡ. ಕುಡಿದ ಅಪ್ಪ ಮಲಗುವ ಹೊತ್ತಿಗೆ ಮಗನನ್ನು ಹಿಡಿದು ಕುಣಿಸುತ್ತಾನೆ. ಹೆಜ್ಜೆ ತಪ್ಪಿದಾಗಲೆಲ್ಲ ಅಪ್ಪನ ಬೆಲ್ಟಿನ ಬಕಲ್ ಹುಡುಗನ ಕಿವಿಗೆ ಉಜ್ಜುತ್ತದೆ. ಅಮ್ಮನ ಮುಖದ ಗಂಟು ಸಡಿಲವಾಗುವುದಿಲ್ಲ. ಇದು ಹೊಡೆತದ ಕವಿತೆ ಎಂದು ಕೆಲವರು, ಅಪ್ಪ ಮಗನ ಆಟದ ಕವಿತೆ ಎಂದು ಕೆಲವರು ವಾದಿಸುತ್ತಾರೆ. ನನ್ನ ಮಟ್ಟಿಗೆ ಕೇಳಬೇಕಾದ್ದು ಅದರ ಲಯವನ್ನು. ಸಾಲಿಗೆ ಮೂರು ಪೆಟ್ಟು, ವಾಲ್ಟ್ಜ್ ನೃತ್ಯದ ಹಾಗೇ ಮೂರು. ಕವಿತೆಯೇ ಕುಣಿಯುತ್ತಿದೆ, ಅದರೊಳಗೆ ಕಿವಿ ಉರಿಯುತ್ತಿದೆ, ಹುಡುಗ ಅಪ್ಪನ ಅಂಗಿಗೆ ಜೋತುಬಿದ್ದಿದ್ದಾನೆ. ಜೋತುಬಿದ್ದದ್ದು ಬೀಳುವ ಭಯಕ್ಕೋ ಬಿಡಲಾರದ ಪ್ರೀತಿಗೋ ಎಂದು ಅವನನ್ನೇ ಕೇಳಿದರೂ ಹೇಳಲಾರ. ರೆಟ್ಕಿಗೆ 14 ವರ್ಷವಾಗಿದ್ದಾಗಲೇ ಆ ಅಪ್ಪ ತೀರಿಕೊಂಡ. ಒಂದು ಪಂಗಡವನ್ನು ಸೇರಲು ನಾನು ಒಪ್ಪುವುದಿಲ್ಲ.

ಅಮ್ಮನ ಕವಿತೆಗಳಲ್ಲಿ ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು ಲಂಕೇಶರ 'ಅವ್ವ'. ಅದನ್ನೂ ಮಾತೃಸ್ತುತಿಯ ಸಾಲಿಗೆ ಸೇರಿಸಿಬಿಟ್ಟಿದ್ದೇವೆ. ಫಲವತ್ತಾದ ಕಪ್ಪು ನೆಲ ಎಂಬ ಮೊದಲ ಸಾಲು ಎಲ್ಲರ ಬಾಯಲ್ಲೂ ಇದೆ. ಮುಂದೆ ಅದೇ ಅವ್ವ ಬೈಯುತ್ತಾಳೆ, ಗೊಣಗುತ್ತಾಳೆ, ಗುದ್ದಾಡುತ್ತಾಳೆ. ಅವಳ ಸಣ್ಣತನವನ್ನೂ ಕೊಂಕನ್ನೂ ಮಗ ಮುಚ್ಚಿಡುವುದಿಲ್ಲ. ಕರಡಿ, ನಾಯಿ, ಕೋತಿಯ ಹೋಲಿಕೆಗಳನ್ನು ತರುತ್ತಾನೆ. ಸಾವಿತ್ರಿ, ಜಾನಕಿಯರ ಸಾಲಿನಿಂದ ಅವಳನ್ನು ಬೇಕೆಂದೇ ಹೊರಗಿಡುತ್ತಾನೆ. ಯಾಕೆಂದರೆ ಆ ಸಾಲಿಗೆ ಸೇರಿಸಿದ ಕ್ಷಣವೇ ತನ್ನ ಅವ್ವ ಕಳೆದುಹೋಗುತ್ತಾಳೆ ಎಂದು ಅವನಿಗೆ ಗೊತ್ತು. ಕೊನೆಗೆ ಬರುವ ಕೃತಜ್ಞತೆಯ ಕಣ್ಣೀರನ್ನು ನಾನು ನಂಬುವುದು ಇದೇ ಕಾರಣಕ್ಕೆ. ಅವಳ ಒರಟುತನವನ್ನೆಲ್ಲ ನೋಡಿ, ಹೆಸರಿಟ್ಟು ಹೇಳಿ, ಆಮೇಲೆ ಬಂದ ಕಣ್ಣೀರು ಅದು. ತಾಯಂದಿರ ದಿನದ ಪೋಸ್ಟರಿಗೆ ಮೊದಲ ಮೂರು ಸಾಲು ಕತ್ತರಿಸಿಕೊಳ್ಳುವವರು ಆ ಕಣ್ಣೀರಿಗೆ ಕೊಟ್ಟ ಬೆಲೆಯನ್ನು ಬಿಟ್ಟು ಕಣ್ಣೀರನ್ನಷ್ಟೇ ತೆಗೆದುಕೊಳ್ಳುತ್ತಾರೆ.

ಇಷ್ಟೆಲ್ಲ ಬರೆಯುವ ಒತ್ತಾಯ ಹುಟ್ಟಿದ್ದು ತರಗತಿಗಳನ್ನು ನೆನೆದು. ಇಂಥ ಕವಿತೆಗಳು ಪಠ್ಯದಲ್ಲಿ ಇರುತ್ತವೆ, ಇರಬೇಕು. ಆದರೆ ಪರೀಕ್ಷೆಗೆ ಬರುವ ಪ್ರಶ್ನೆ ಬಹುತೇಕ ಒಂದೇ: ಕವಿ ತಂದೆಯ ಅಥವಾ ತಾಯಿಯ ಮಹತ್ವವನ್ನು ಹೇಗೆ ವರ್ಣಿಸಿದ್ದಾರೆ? ಮಹತ್ವ ಇದೆ ಎಂದು ಪ್ರಶ್ನೆಯೇ ತೀರ್ಮಾನಿಸಿಬಿಟ್ಟಿದೆ. ಮನೆಯಲ್ಲಿ ದಿನವೂ ಹೆದರಿ ಏಳುವ ಮಗು ಆ ಪ್ರಶ್ನೆಗೆ ಏನು ಬರೆಯಬೇಕು? ತನ್ನ ಮನೆಯನ್ನೇ ಕಂಡ ಕವಿತೆಯಲ್ಲಿ, ತನ್ನ ಮನೆಯಂಥದ್ದು ಇಲ್ಲವೆಂದು ಬರೆದು ಅಂಕ ತೆಗೆದುಕೊಳ್ಳಬೇಕು. ಇದಕ್ಕಿಂತ ದೊಡ್ಡ ಒಂಟಿತನವನ್ನು ಒಂದು ಪಾಠ ಮಗುವಿಗೆ ಕೊಡಲಾರದು.

ಇದಕ್ಕೆ ತದ್ವಿರುದ್ಧವಾದ ಉತ್ಸಾಹವೂ ನನಗೆ ಹೆದರಿಕೆ ಹುಟ್ಟಿಸುತ್ತದೆ. 'ನಿಮ್ಮ ಮನೆಯಲ್ಲೂ ಹೀಗಾಗಿದೆಯಾ, ಎದ್ದು ನಿಂತು ಹೇಳಿ' ಎನ್ನುವ ಪಾಠ. ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ, ಆದರೆ ಮಕ್ಕಳ ಮುಂದೆ ಮಕ್ಕಳ ಮನೆಯನ್ನು ಬಿಚ್ಚಿಸಬಾರದು. ಕವಿತೆ ಇರುವುದೇ ಆ ಮಗುವಿಗೆ ಒಂದು ಮರೆಯಾಗಲು. ಹೇಡನ್‌ನ ಹುಡುಗನಿಗೆ ಯಾಕೆ ಭಯ ಎಂದು ಕೇಳಿ. ಅವನು ಅಪ್ಪನ ಜೊತೆ ಯಾಕೆ ಉದಾಸೀನವಾಗಿ ಮಾತಾಡುತ್ತಾನೆ ಎಂದು ಕೇಳಿ. ಹೇಳಬೇಕೆನಿಸಿದ ಮಗು ಆ ಹುಡುಗನ ಹೆಸರಲ್ಲಿ ತನ್ನದನ್ನು ಹೇಳಿಕೊಳ್ಳುತ್ತದೆ, ಹೇಳಲಾಗದ ಮಗು ಕೇಳಿಸಿಕೊಂಡು ಸುಮ್ಮನಿರುತ್ತದೆ. ಆ ಮೌನವನ್ನೂ ಉತ್ತರವೆಂದು ಒಪ್ಪಿಕೊಳ್ಳಿ.

ಇದನ್ನು ಓದುತ್ತಿರುವವರಲ್ಲಿ ಮೇಷ್ಟ್ರುಗಳಿದ್ದಾರೆ, ಪ್ರಶ್ನೆಪತ್ರಿಕೆ ತಯಾರಿಸುವವರೂ ಇದ್ದಾರೆ. ಅವರಲ್ಲಿ ನನ್ನ ಕೋರಿಕೆ ಸಣ್ಣದು. ಮುಂದಿನ ಸಲ ಮಹತ್ವವನ್ನು ವರ್ಣಿಸಿ ಎಂದು ಬರೆಯುವ ಬದಲು, ಈ ಮನೆಯಲ್ಲಿ ಮಗುವಿಗೆ ಏನೇನು ಅನಿಸಿತು ಎಂದು ಬರೆಯಿರಿ. ಉತ್ತರಗಳಲ್ಲಿ ಎರಡು ಎದುರುಬದುರು ಭಾವನೆಗಳು ಒಟ್ಟಿಗೆ ಬಂದರೆ ಅಂಕ ಕಡಿಯಬೇಡಿ.