ಪೌಲಿ ನಿಯಮ ಇರುವುದು ಆ ಮೈನಸ್ ಗುರುತಿನಲ್ಲಿ

ಒಂದೇ ಸ್ಥಿತಿಯಲ್ಲಿ ಎರಡು ಎಲೆಕ್ಟ್ರಾನ್ ಇರುವಂತಿಲ್ಲ. 1925ರಲ್ಲಿ ಭೌತವಿಜ್ಞಾನಿ ಪೌಲಿ ಹೇಳಿದ ಈ ನಿಯಮವನ್ನು ನಮಗೆಲ್ಲ ಕುರ್ಚಿ ಲೆಕ್ಕದಲ್ಲೇ ಕಲಿಸುತ್ತಾರೆ. ಒಂದು ಕುರ್ಚಿಗೆ ಒಬ್ಬರೇ, ಅಷ್ಟೇ. ಸುಲಭದ ಲೆಕ್ಕದಿಂದ ಶುರುಮಾಡಿ ಹಂತ ಹಂತವಾಗಿ ಸಣ್ಣ ತಿದ್ದುಪಡಿ ಕೂಡಿಸುತ್ತಾ ಹೋಗುವ ಪರ್ಟರ್ಬೇಷನ್ ಥಿಯರಿಗೆ ಬಂದ ಮೇಲೆ ಈ ಕುರ್ಚಿ ಕಥೆ ಕೈಕೊಡುತ್ತದೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ ಅನ್ನೋದೇ ನನ್ನ ಬೇಸರ.

ಅದರಲ್ಲಿ ಎರಡನೇ ಹಂತದ ಶಕ್ತಿಯ ಲೆಕ್ಕವನ್ನು ಮೊದಲ ಸಲ ಕೈಯಲ್ಲೇ ಮಾಡಿದ್ದು ಚೆನ್ನಾಗಿ ನೆನಪಿದೆ. ಎರಡು ಎಲೆಕ್ಟ್ರಾನ್ ತಮ್ಮ ಜಾಗ ಬಿಟ್ಟು ಮೇಲೆ ಹಾರಿ ಮತ್ತೆ ವಾಪಸ್ ಬರುತ್ತವೆ. ಕೂಡಿಸಬೇಕಾದ ಪದಗಳಲ್ಲಿ (ಟರ್ಮ್) ಒಂದರಲ್ಲಿ ಆ ಎರಡೂ ಹೊರಟಿದ್ದು ಒಂದೇ ಸ್ಥಿತಿಯಿಂದ, ಸ್ಪಿನ್ ಕೂಡ ಒಂದೇ. ನಿಯಮ ಮುರಿಯಿತಲ್ವಾ ಅಂತ ಅದನ್ನು ಹೊಡೆದು ಹಾಕಿದೆ. ಉತ್ತರ ತಾಳೆ ಆಗಲೇ ಇಲ್ಲ. ಇಂಥ ಪದಗಳನ್ನು ಚಿತ್ರವಾಗಿ ಬರೆಯುವುದೇ ಡಯಾಗ್ರಾಂ; ಮುಂದಿನ ಪುಟದಲ್ಲಿ, ಎರಡು ಎಲೆಕ್ಟ್ರಾನ್ ಅದಲು ಬದಲಾದ ಎಕ್ಸ್‌ಚೇಂಜ್ ಡಯಾಗ್ರಾಂನಲ್ಲಿ ಅದೇ ಪದ, ಅಷ್ಟೇ ಬೆಲೆಯದ್ದು, ಮೈನಸ್ ಗುರುತಿನೊಂದಿಗೆ ಕೂತಿತ್ತು. ಎರಡನ್ನೂ ಸುಮ್ನೆ ಬಿಟ್ಟಿದ್ದರೆ ಅವೇ ಹೊಡೆದುಹೋಗುತ್ತಿದ್ದವು.

ಹೀಗೆ ಹಾರಿ ವಾಪಸ್ ಬರುವ ನಡುವಿನ ಸ್ಥಿತಿಗಳಲ್ಲಿ ಪೌಲಿ ನಿಯಮದ ಚಿಂತೆ ಬೇಡ ಅಂತ ಭೌತವಿಜ್ಞಾನಿ ಫೈನ್‌ಮನ್ 1949ರಲ್ಲೇ ತೋರಿಸಿದ್ದರು. ಅವರ ವಾದ ನನಗೆ ಈಗಲೂ ತುಂಬಾ ಇಷ್ಟ. ಶೂನ್ಯದಲ್ಲಿ ಒಂದು ಕ್ಷಣ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣ ಪಾಸಿಟ್ರಾನ್ ಜೋಡಿಯಾಗಿ ಹುಟ್ಟಿ ಮಾಯವಾಗುತ್ತವೆ. ಅಲ್ಲಿ ಮೊದಲೇ ಒಂದು ಎಲೆಕ್ಟ್ರಾನ್ ಇದ್ದರೆ, ಅದೇ ಸ್ಥಿತಿಗೆ ಇನ್ನೊಂದು ಹುಟ್ಟಿ ಬರುವಂತಿಲ್ಲ. ಅಂದರೆ ಶೂನ್ಯದಲ್ಲಿ ಆಗುತ್ತಿದ್ದದ್ದು ಈಗ ಆಗುವುದಿಲ್ಲ. ಆ ಕೊರತೆಯನ್ನು ಲೆಕ್ಕಕ್ಕೆ ತರುವುದೇ ಎಕ್ಸ್‌ಚೇಂಜ್ ಡಯಾಗ್ರಾಂ. ನೋಡಲು ನಿಯಮ ಮುರಿದ ಹಾಗಿರುವ ಆ ಪದವೇ ನಿಯಮವನ್ನು ಕಾಯುತ್ತಿದೆ!

1957ರಲ್ಲಿ ಭೌತವಿಜ್ಞಾನಿ ಗೋಲ್ಡ್‌ಸ್ಟೋನ್, ಒಂದಕ್ಕೊಂದು ಅಂಟಿಕೊಂಡಿರುವ ಡಯಾಗ್ರಾಂಗಳಷ್ಟೇ ಉಳಿಯುತ್ತವೆ ಅಂತ ಸಾಧಿಸಿದರು. ಅದಕ್ಕೂ ನಡುವಿನ ಸ್ಥಿತಿಗಳಲ್ಲಿ ನಿಯಮದ ಚಿಂತೆ ಬಿಡುವ ಇದೇ ಸ್ವಾತಂತ್ರ್ಯ ಬೇಕು. ಎಷ್ಟೋ ಸಲ ಒಂದನ್ನೊಂದು ಹೊಡೆದುಹಾಕುವ ಜೋಡಿಯಲ್ಲಿ ಒಂದು ಪದ ಬಿಡಿ ಡಯಾಗ್ರಾಂನಲ್ಲಿ ಇರುತ್ತದೆ, ಇನ್ನೊಂದು ಅಂಟಿದ್ದರಲ್ಲಿ. ಬಿಡಿಯದ್ದು ಹೋಗುತ್ತದೆ, ಅಂಟಿದ್ದರದ್ದು ಒಂಟಿಯಾಗಿ ಉಳಿಯುತ್ತದೆ. ಹೊಸಬರ ಕೈ ಇದನ್ನು ಅಳಿಸಲು ಹೋಗುವುದು ಇಲ್ಲೇ. ಅಳಿಸಬಾರದು.

ಅದಕ್ಕೇ ಪಾಠ ಮಾಡುವವರಲ್ಲಿ ನನ್ನ ಕೋರಿಕೆ: ಕುರ್ಚಿ ಆಮೇಲೆ ಬರಲಿ. ಎರಡು ಎಲೆಕ್ಟ್ರಾನ್ ಅದಲು ಬದಲಾದರೆ ಅವುಗಳ ಸ್ಥಿತಿಯನ್ನು ಹೇಳುವ ವೇವ್ ಫಂಕ್ಷನ್ನಿನ ಪ್ಲಸ್-ಮೈನಸ್ ಗುರುತು ಬದಲಾಗುತ್ತದೆ ಅನ್ನೋದನ್ನು ಮೊದಲು ಹೇಳಿ. ಎರಡೂ ಡಯಾಗ್ರಾಂ ಬೋರ್ಡಿನ ಮೇಲೆ ಅಕ್ಕಪಕ್ಕ ಬರೆಯಿರಿ.

ಜೋಡಿ ಮುರಿದರೆ ಏನಾಗುತ್ತದೆ ಅಂತ ತೋರಿಸಲು ಹೈಡ್ರೋಜನ್ ಸಾಕು. ಅದರಲ್ಲಿರುವುದು ಒಂದೇ ಎಲೆಕ್ಟ್ರಾನ್. ಎಕ್ಸ್‌ಚೇಂಜ್ ಬಿಟ್ಟು ಬರೀ ಉಂಗುರದ ಡಯಾಗ್ರಾಂಗಳನ್ನು ಕೂಡಿಸುವ ಆರ್‌ಪಿಎ (ರ್‍ಯಾಂಡಮ್ ಫೇಸ್ ಅಪ್ರಾಕ್ಸಿಮೇಷನ್) ವಿಧಾನದಲ್ಲಿ ಅದರ ಕೊರಿಲೇಷನ್ ಶಕ್ತಿ, ಅಂದರೆ ಎಲೆಕ್ಟ್ರಾನ್‌ಗಳು ಒಂದನ್ನೊಂದು ತಪ್ಪಿಸಿಕೊಂಡು ಓಡಾಡುವುದರಿಂದ ಬರುವ ಶಕ್ತಿ, ಸೊನ್ನೆ ಬರಬೇಕು, ಆದರೆ ಬರುವುದಿಲ್ಲ. ಜೊತೆಗೆ ಬೇರೆ ಯಾರೂ ಇಲ್ಲದ ಎಲೆಕ್ಟ್ರಾನ್ ತನ್ನನ್ನೇ ತಾನು ತಪ್ಪಿಸಿಕೊಂಡು ಓಡಾಡಿದ ಲೆಕ್ಕ ಅದು.