ಕೆಲಸಕ್ಕೆ ಸೇರಿಸಿದರೆ ಸಾಲದು, ಆಮೇಲಿನ ತಿಂಗಳುಗಳಿಗೂ ದುಡ್ಡಿಡಿ

ಅಂಗವಿಕಲರಿಗೆ, ಓದು ಅರ್ಧಕ್ಕೆ ಬಿಟ್ಟವರಿಗೆ ಉದ್ಯೋಗ ಕೊಡಿಸಲು ಬೆಂಗಳೂರಿನ ಕಂಪನಿಗಳು ಸ್ವಯಂಸೇವಾ ಸಂಸ್ಥೆಗಳಿಗೆ ಸಿಎಸ್‌ಆರ್ ಹಣ, ಅಂದರೆ ಸಮಾಜದ ಕೆಲಸಕ್ಕೆಂದು ಕಾನೂನಿನಂತೆ ತೆಗೆದಿಡುವ ಲಾಭದ ಪಾಲು, ಕೊಡುತ್ತವೆ. ನಾನಿರುವ ಇಂಗ್ಲೆಂಡಿನಲ್ಲಿ ಅದೇ ಕೆಲಸಕ್ಕೆ ಲಾಟರಿ ನಿಧಿ, ದತ್ತಿ ಸಂಸ್ಥೆಗಳಿಂದ ಅನುದಾನ ಸಿಗುತ್ತದೆ. ನಮ್ಮಲ್ಲಿ ಕೇಳುವುದು ಎಷ್ಟು ಜನಕ್ಕೆ ತರಬೇತಿ ಕೊಟ್ಟಿರಿ, ಎಷ್ಟು ಆಫರ್ ಲೆಟರ್ ಬಂತು ಅಂತ. ಆರು ತಿಂಗಳಾದ ಮೇಲೂ ಎಷ್ಟು ಮಂದಿ ಅಲ್ಲೇ ದುಡಿಯುತ್ತಿದ್ದಾರೆ ಎಂಬ ಪ್ರಶ್ನೆ ಬಂದರೂ ಅದಕ್ಕೆ ಬೇಕಾದ ಹಣ ಬಜೆಟ್‌ನಲ್ಲಿ ಇರುವುದು ಕಡಿಮೆ.

ಕೆಲಸ ಕೈತಪ್ಪುವುದು ಹೆಚ್ಚಾಗಿ ಸೇರಿದ ಮೇಲೆಯೇ. ಕಿವಿ ಕೇಳದ ಹುಡುಗನೊಬ್ಬ ಪ್ಯಾಕಿಂಗ್ ವಿಭಾಗಕ್ಕೆ ಸೇರುತ್ತಾನೆ ಎನ್ನಿ. ನಾಳೆಯಿಂದ ಶಿಫ್ಟ್ ಬದಲು ಎಂದು ಸೂಪರ್‌ವೈಸರ್ ಮಷೀನುಗಳ ಸದ್ದಿನ ನಡುವೆ ಕೂಗಿ ಹೇಳಿ ಹೋಗುತ್ತಾರೆ. ಇವನು ಹಳೆಯ ಹೊತ್ತಿಗೇ ಬರುತ್ತಾನೆ, ಆಬ್ಸೆಂಟ್ ಬೀಳುತ್ತದೆ. ಹೀಗೇ ಎರಡು ಮೂರು ಸಲ ಆದರೆ ಅವಮಾನವಾಗಿ ತಾನೇ ಬಿಟ್ಟು ಹೋಗುತ್ತಾನೆ. ಶಿಫ್ಟ್ ಬದಲಾವಣೆಯನ್ನು ವಾಟ್ಸ್‌ಆ್ಯಪ್‌ನಲ್ಲಿ ಹಾಕಿ ಎಂದು ಸೂಪರ್‌ವೈಸರ್‌ಗೆ ಹೇಳಲು ಹತ್ತು ನಿಮಿಷ ಸಾಕು. ಆದರೆ ಹಾಗೆ ಹೇಳುವ ಜಾಬ್ ಕೋಚ್‌ಗೆ, ಅಂದರೆ ಕೆಲಸಕ್ಕೆ ಸೇರಿದವರ ಜೊತೆಗಿದ್ದು ನೆರವಾಗುವ ಸಂಸ್ಥೆಯ ಸಿಬ್ಬಂದಿಗೆ, ಆ ತಿಂಗಳೂ ಸಂಬಳ ಇರಬೇಕು.

ಇನ್ನೊಂದು ಅಡ್ಡಿ ಮೊದಲ ಸಂಬಳ ಬರುವ ತನಕದ ಕಾಲ. ಆ ತಿಂಗಳ ಸಂಬಳದ ಪಟ್ಟಿ (ಪೇರೋಲ್) ಮುಚ್ಚಿದ ಮೇಲೆ ಸೇರಿದವರ ಕೈಗೆ ದುಡ್ಡು ಬರುವುದು ಮುಂದಿನ ತಿಂಗಳ ಕೊನೆಗೆ. ಅಷ್ಟರಲ್ಲಿ ಪಿಜಿ ಅಡ್ವಾನ್ಸ್, ಬಾಡಿಗೆ, ಊಟ, ಸೇಫ್ಟಿ ಶೂ ಎಲ್ಲಕ್ಕೂ ಕೊಡಬೇಕು. ರಾಯಚೂರಿನಿಂದ ಬಂದವರು ಸಾಲ ಮಾಡಬೇಕು, ಇಲ್ಲವೇ ವಾಪಸ್ ಬಸ್ಸು ಹತ್ತಬೇಕು. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಖರ್ಚು ತಪ್ಪಿದ್ದು ದೊಡ್ಡ ಅನುಕೂಲ. ಉಳಿದದ್ದಕ್ಕೆ ಇಂಗ್ಲೆಂಡಿನಲ್ಲಿರುವಂತೆ ವ್ಯಕ್ತಿಗೇ ಸಲ್ಲುವ ಸಣ್ಣ ಅನುದಾನ ಬೇಕು. ಅಡ್ವಾನ್ಸನ್ನು ಪಿಜಿಯವರಿಗೇ ಕಟ್ಟಿ ರಸೀದಿ ಇಟ್ಟುಕೊಂಡರೆ ಲೆಕ್ಕಪತ್ರಕ್ಕೂ ತೊಂದರೆಯಿಲ್ಲ.

ಮಾನಸಿಕ ಕಾಯಿಲೆ ಇರುವವರಿಗಾಗಿ 1990ರ ದಶಕದ ಹೊತ್ತಿಗೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರೂಪುಗೊಂಡ ಐಪಿಎಸ್ (ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್) ಎಂಬ ಉದ್ಯೋಗ ಬೆಂಬಲ ವಿಧಾನವನ್ನು ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಕೂಡ ಅನುಸರಿಸುತ್ತದೆ. ಅದರಲ್ಲಿ ತಿಂಗಳುಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸ ಹುಡುಕುವ ಕ್ರಮ ಇಲ್ಲ. ಮೊದಲು ಕೆಲಸ, ಕಲಿಕೆ ಅಲ್ಲೇ. ಅದರ ಗುಣಮಟ್ಟ ಅಳೆಯಲು 25 ಅಂಶಗಳ ಪಟ್ಟಿಯಿದೆ. ಒಬ್ಬ ಸಲಹೆಗಾರರ ಕೈಯಲ್ಲಿ 20ಕ್ಕಿಂತ ಹೆಚ್ಚು ಜನ ಇರಬಾರದು, ಅವರು ವಾರಕ್ಕೆ ಆರು ಸಲವಾದರೂ ಉದ್ಯೋಗದಾತರನ್ನು ಮುಖತಃ ಕಾಣಬೇಕು, ಕೆಲಸ ಸಿಕ್ಕ ಮೇಲೂ ಬೆಂಬಲ ಮುಂದುವರಿಯಬೇಕು. ಅನುದಾನ ಕೊಡುವವರು ಮೊದಲು ನೋಡಬೇಕಾದ್ದು ಈ 20ರ ಲೆಕ್ಕವನ್ನೇ.

ನಮ್ಮ ಕಾನೂನು ಇದಕ್ಕೆ ಅಡ್ಡ ಬರುವುದಿಲ್ಲ, ತಪ್ಪಾಗಿರುವುದು ಓದುವುದರಲ್ಲಿ. ಸಿಎಸ್‌ಆರ್ ನಿಯಮದ 5% ಆಡಳಿತ ವೆಚ್ಚದ ಮಿತಿ ಕಂಪನಿಯ ಸ್ವಂತ ಸಿಎಸ್‌ಆರ್ ಆಡಳಿತಕ್ಕೆ ಹಾಕಿದ್ದು. ಅದನ್ನೇ ಸ್ವಯಂಸೇವಾ ಸಂಸ್ಥೆಯ ಬಜೆಟ್‌ಗೂ ಹೇರಿದರೆ ಕತ್ತರಿ ಬೀಳುವುದು ಜಾಬ್ ಕೋಚ್ ಸಂಬಳಕ್ಕೆ, ಅಕೌಂಟೆಂಟ್ ಸಂಬಳಕ್ಕೆ. ಇಂಗ್ಲೆಂಡಿನ ಲಾಟರಿ ಸಮುದಾಯ ನಿಧಿ ಕಚೇರಿ ಬಾಡಿಗೆಯ ನ್ಯಾಯವಾದ ಪಾಲನ್ನೂ ಒಪ್ಪುತ್ತದೆ: ಸಂಸ್ಥೆಯ ನಾಲ್ವರಲ್ಲಿ ಒಬ್ಬರು ಈ ಯೋಜನೆಗೆ ದುಡಿದರೆ ಬಾಡಿಗೆಯ ಕಾಲು ಭಾಗ ಕೇಳಬಹುದು. ಅವಧಿಯ ವಿಷಯವೂ ಹಾಗೇ. ಶುರುವಾದ ಆರ್ಥಿಕ ವರ್ಷ ಬಿಟ್ಟು ಮೂರು ವರ್ಷದವರೆಗೆ 'ಮುಂದುವರಿಯುವ ಯೋಜನೆ' ಎಂದು ನಡೆಸಲು 2021ರ ತಿದ್ದುಪಡಿಯಾದ ನಿಯಮಗಳಲ್ಲೇ ಅವಕಾಶವಿದೆ. ಆದರೂ ಮಾರ್ಚ್ 31ಕ್ಕೆ ಮುಗಿಯುವ ಒಪ್ಪಂದ ಮಾಡಿಕೊಂಡರೆ ಫೆಬ್ರವರಿಯಲ್ಲಿ ಕೆಲಸಕ್ಕೆ ಸೇರಿದವರನ್ನು ಏಪ್ರಿಲ್‌ನಲ್ಲಿ ವಿಚಾರಿಸುವವರು ಯಾರು?

ಇಂಗ್ಲೆಂಡಿನಲ್ಲಿ ಎಲ್ಲ ಸರಿಯಿದೆ ಎನ್ನಲಾರೆ. ಚೆನ್ನಾಗಿ ನಡೆಯುತ್ತಿರುವ ಯೋಜನೆಗೂ ಅನುದಾನ ಮುಗಿದಾಗ ಏನೋ ಹೊಸದೆಂದು ತೋರಿಸಿ ಮತ್ತೆ ಅರ್ಜಿ ಬರೆಯಬೇಕಾಗುತ್ತದೆ, ಅಷ್ಟರಲ್ಲಿ ಅನುಭವಿ ಸಿಬ್ಬಂದಿ ಬೇರೆಡೆ ಹೋಗಿರುತ್ತಾರೆ. ಈ ವಿಷಯದಲ್ಲಿ ಇವರು ಉಜಿರೆಯಿಂದ ಕಲಿಯಬಹುದು. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಕಟ್ಟಿದ, ಸ್ವಂತ ಉದ್ಯೋಗ ಕಲಿಸುವ ರುಡ್‌ಸೆಟ್ ಸಂಸ್ಥೆಯಲ್ಲಿ ತರಬೇತಿ ಕೆಲವೇ ವಾರ, ಅದೂ ಊಟ ವಸತಿಯೊಂದಿಗೆ ಉಚಿತ. ಆಮೇಲೆ ಎರಡು ವರ್ಷ ಬೆನ್ನಿಗೆ ನಿಂತು ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೂ ದಾರಿ ಮಾಡುತ್ತಾರೆ. ಸ್ವಂತ ಉದ್ಯೋಗಕ್ಕೆ ನಾವು ಕಟ್ಟಿಕೊಂಡ ಈ ಕ್ರಮವನ್ನು ಸಂಬಳದ ಕೆಲಸಕ್ಕೂ ತರಬೇಕು.

ಹಾಗಾಗಿ ಈ ಸಲ ಅರ್ಜಿ ಬರೆಯುವ ಸಂಸ್ಥೆಗಳು 40 ಜನರ ಯೋಜನೆಯಾದರೆ ಇಬ್ಬರು ಜಾಬ್ ಕೋಚ್ ಕೇಳಿ, ಕೊನೆಯವರು ಕೆಲಸಕ್ಕೆ ಸೇರಿದ ಮೇಲೂ ಆರು ತಿಂಗಳು ಕೋಚ್‌ಗಳ ಸಂಬಳ ಬರುವಂತೆ ನೋಡಿಕೊಳ್ಳಿ. ಒಂದು ಎಚ್ಚರಿಕೆ: ಹಣ ಕೊಟ್ಟ ಕಂಪನಿಯೇ ಯೋಜನೆಯಲ್ಲಿರುವವರನ್ನು ಕೆಲಸಕ್ಕೆ ತೆಗೆದುಕೊಂಡರೆ, ಸ್ವಂತ ನೌಕರರಿಗೆ ಮಾಡಿದ ಖರ್ಚು ಸಿಎಸ್‌ಆರ್ ಆಗುವುದಿಲ್ಲ. ಸೇರಿದ ದಿನದಿಂದಾಚೆಯ ಬೆಂಬಲವನ್ನು ಎಚ್‌ಆರ್ ಬಜೆಟ್‌ನಿಂದ ಕೊಡುವುದಾಗಿ ಒಪ್ಪಂದದಲ್ಲೇ ಬರೆಸಿಕೊಳ್ಳಿ.